ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿದ ಭಾನುವಾರ

ನಮ್ಮ ಯಜಮಾನರ ಕೈಗೆ ಸ್ಕ್ರೂಡ್ರೈವರ್ ಸಿಕ್ಕಿತೆಂದರೆ ಮನೆಯ ಸಾಮಾನುಗಳಿಗೆಲ್ಲ ಎದೆ ಢವಢವ. ಅವರು ರಿಪೇರಿ ಮಾಡಿದ ಮಿಕ್ಸಿ ಇವತ್ತಿಗೂ ನೆತ್ತಿ ಒತ್ತಿ ಹಿಡಿದರೆ ಮಾತ್ರ ತಿರುಗುತ್ತದೆ. ಭಾನುವಾರ ಅಕ್ಕನ ಮನೆಗೆ ಹೋದವಳು ಸಂಜೆ ಬಂದು ನೋಡುತ್ತೇನೆ, ನನ್ನ ಹಳೆಯ ಲ್ಯಾಪ್‌ಟಾಪ್ ಊಟದ ಮೇಜಿನ ಮೇಲೆ ಅಂಗಾತ ಬಿದ್ದಿದೆ!

“ಏನ್ರೀ ಇದು?”

“ಮುಗೀತು ಮಾರಾಯ್ತಿ, ಇದೇ ಕೊನೇ ಸ್ಕ್ರೂ. ರ‍್ಯಾಮ್ ಜಾಸ್ತಿ ಮಾಡಿದೀನಿ, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿದೀನಿ. ಅದರಲ್ಲಿದ್ದದ್ದೆಲ್ಲ ಇದಕ್ಕೆ ಬಂದಿದೆ. ಇನ್ನು ಕುದುರೆ ಓಡಿದ ಹಾಗೆ ಓಡುತ್ತೆ, ನೋಡು.”

ಓಡಿತು, ಸುಳ್ಳು ಹೇಳಬಾರದು. ಮೊದಲೆಲ್ಲ ಗುಂಡಿ ಒತ್ತಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಅದಕ್ಕೇ ನಾನು ಆ ಮಹಾರಾಣಿಯನ್ನು ಆರಿಸುತ್ತಲೇ ಇರಲಿಲ್ಲ. ಮುಚ್ಚಳ ಮುಚ್ಚಿ ಮಲಗಿಸುತ್ತಿದ್ದೆ, ಅಷ್ಟೆ. ಸೇವ್ ಮಾಡಹೋದರೂ ಬಿಮ್ಮನೆ ಕೂತುಬಿಡುತ್ತಿತ್ತಾದ್ದರಿಂದ ಆ ಗೋಜಿಗೂ ಹೋಗುತ್ತಿರಲಿಲ್ಲ. ತಾನಾಗಿ ಸೇವ್ ಆಗುವುದನ್ನೂ ನಿಲ್ಲಿಸಿದ್ದೆ. ಶಾಲೆಯ ಮಕ್ಕಳಿಗೆಂದು ನಾನು ಬರೆಯುತ್ತಿದ್ದ ಹಲ್ಲುನೋವಿನ ಮೊಸಳೆಯ ನಾಟಕ ಹಾಗೇ ತೆರೆದುಕೊಂಡು ಮಲಗಿತ್ತು. ಬೆಳಗ್ಗೆ ಮಕ್ಕಳ ಕೈಗೆ ಮಾತುಗಳನ್ನು ಕೊಡಬೇಕು. ಹೆಡ್‌ಮಿಸ್ ನನ್ನನ್ನು ನಂಬಿ ಕೊಟ್ಟ ಮೊದಲ ನಾಟಕ ಅದು.

ಹೊಸ ಡಿಸ್ಕಿನಲ್ಲಿ ಯಾವ ಕಾಲದ್ದೋ ಕರೆಂಟ್ ಬಿಲ್ಲಿತ್ತು, ಅಕ್ಕನ ಮಗುವಿನ ಫೋಟೋಗಳಿದ್ದವು. ಮೊಸಳೆ ಇರಲಿಲ್ಲ.

“ಬಿಚ್ಚೋಕೆ ಮುಂಚೆ ಏನೇನು ತೆರೆದಿದೆ ಅಂತ ನೋಡಿದ್ರಾ?”

“ಇಲ್ಲ, ಸೀದಾ ಬ್ಯಾಟರಿ ತೆಗೆದೆ... ಸೇವ್ ಆಗದೇ ಇದ್ದದ್ದು ಆಗಲೇ ಹೋಯ್ತು ಅನ್ಸುತ್ತೆ.” ಅವರ ಮುಖ ಹುಳ್ಳಗಾಯಿತು.

“ಇರಲಾರದೆ ಇರುವೆ ಬಿಟ್ಕೊಳ್ಳೋದು ಅಂದ್ರೆ ಇದೇ! ನಾನು ಕೇಳಿದ್ನಾ ನಿಮ್ಮನ್ನ?” ಕೂಗಾಡಿದೆ. ಆಮೇಲೆ ಕೂಗಾಡಲೂ ಶಕ್ತಿಯಿಲ್ಲದೆ ಕುರ್ಚಿಯಲ್ಲಿ ಕುಸಿದೆ. ಬೆಳಗ್ಗೆ ಯಾವ ಮುಖ ಹೊತ್ತು ಶಾಲೆಗೆ ಹೋಗಲಿ?

ಅವರು ಪಕ್ಕಕ್ಕೆ ಬಂದು ಕೂತರು. “ಬರ್ಕೋ.”

“ಏನನ್ನ? ನನ್ನ ಹಣೆಬರಹಾನಾ?”

“‘ಬಾಯಿ ತೆರೆದ್ರೆ ಎಲ್ಲರೂ ಓಡ್ತಾರೆ, ಮುಚ್ಚಿದ್ರೆ ಹಲ್ಲು ನೋಯುತ್ತೆ, ಅಯ್ಯಯ್ಯೋ!’ ಹೀಗಂತ ಅಳ್ತಾ ಬರುತ್ತೆ ಮೊಸಳೆ. ಆಮೇಲೆ ಕೊಕ್ಕರೆ ಡಾಕ್ಟ್ರು.”

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ದಿನಾ ಬರೆದದ್ದನ್ನು ಗಟ್ಟಿಯಾಗಿ ಓದಿಕೊಳ್ಳುವುದು ನನ್ನ ಅಭ್ಯಾಸ. ಆಗೆಲ್ಲ ಇವರು ಪೇಪರ್ ಅಡ್ಡ ಹಿಡಿದು ಸೋಫಾದಲ್ಲಿ ಬಿದ್ದಿರುತ್ತಿದ್ದರು. ನಿದ್ದೆ ಹೊಡೆಯುತ್ತಿದ್ದಾರೆಂದೇ ನಾನು ತಿಳಿದಿದ್ದೆ. ಈಗ ಒಂದೊಂದೇ ದೃಶ್ಯ ಹೇಳತೊಡಗಿದರು, ಆಮೆಯ ಮಾತು ಬಂದಾಗ ರಾಗ ಎಳೆದು. ಒಂದು ಕಡೆ ತಡೆದರು.

“ಈ ಸಾಲು ನೀನು ತೆಗೆದುಹಾಕಿದ್ದೆ. ಆದರೂ ಇರಲಿ ಬಿಡು, ಚೆನ್ನಾಗಿತ್ತು.”

ನನಗೆ ಅಳು ಬಂದುಬಿಟ್ಟಿತು.

“ಇಷ್ಟು ದಿನ ಎಲ್ಲಾ ಕೇಳಿಸ್ಕೊಳ್ತಿದ್ರಾ?”

“ಮತ್ತೆ? ಪೇಪರ್ ಯಾಕೆ ಅಡ್ಡ ಹಿಡೀತಿದ್ದೆ ಅಂದ್ಕೊಂಡೆ? ನಾನು ನಗೋದು ಕಂಡ್ರೆ ನೀನು ಓದೋದು ನಿಲ್ಲಿಸ್ಬಿಡ್ತಿದ್ದೆ.”