ಮೇಬಲ್‌ಥಾರ್ಪಿನಲ್ಲಿ ಯಾರ ಕೈಗೂ ಸಿಗದವನು

೧.

ಟೋಪಿಯಿಂದ ಶುರು ಮಾಡಲೇ, ಸಮುದ್ರದಿಂದಲೇ? ಎರಡು ದಿನದಿಂದ ಇದೇ ಒದ್ದಾಟ. ಸಮುದ್ರ ಎಂದರೆ ಸಾಕು, ಏನೋ ಗಹನವಾದದ್ದು ಬರುತ್ತದೆಂದು ಓದುಗರು ನೆಟ್ಟಗೆ ಕೂರುತ್ತಾರೆ. ಮೇಬಲ್‌ಥಾರ್ಪ್ ಎಂಬ ಈ ಇಂಗ್ಲಿಷ್ ಊರಿನ ಸಮುದ್ರಕ್ಕೆ ಆ ಯೋಗ್ಯತೆಯಿಲ್ಲ. ನೀರು ಆರಿದ ಚಹಾದ ಬಣ್ಣಕ್ಕಿದೆ. ಇಳಿತದ ಹೊತ್ತಿಗೆ ಹೋದರೆ ಅದೂ ಕಾಣುವುದಿಲ್ಲ. ಟೋಪಿಯೇ ಇರಲಿ.

ಕಂದು ಬಣ್ಣದ ಫೆಲ್ಟ್ ಟೋಪಿ. ಅದರ ಕೆಳಗೆ ಸಿರಿಲ್ ಪೊಲಾರ್ಡ್, ಎಪ್ಪತ್ತು ದಾಟಿದವನು, ಮದುವೆಯಾಗದವನು. ೧೯೮೯ರ ಬೇಸಿಗೆ. ದಡದ ಬೆಂಚಿನಲ್ಲಿ ಕೂತು ಮೊಟ್ಟೆ ಸ್ಯಾಂಡ್‌ವಿಚ್ ತಿನ್ನುತ್ತ, ಯಾರಾದರೂ ತನ್ನ ಗುರುತು ಹಿಡಿಯಲಿ ಎಂದು ಕಾಯುತ್ತಿದ್ದಾನೆ. (ಇಷ್ಟು ಬೇಗ ಎಲ್ಲ ಬಿಟ್ಟುಕೊಟ್ಟರೆ ಹೇಗೆ ಎಂದು ನನ್ನ ಸಂಪಾದಕರು ಕೇಳುತ್ತಾರೆ. ಕೇಳಲಿ.)

೨.

ಹಿಂದೆ ಬೇಸಿಗೆ ರಜೆಯಲ್ಲಿ ಜನ ಸಮುದ್ರತೀರಕ್ಕೆ ಹೋದರೆಂದರೆ ಪತ್ರಿಕೆ ಓದುವುದನ್ನೇ ಮರೆಯುತ್ತಿದ್ದರು. ಅದಕ್ಕೆ ಒಂದು ಪತ್ರಿಕೆ ಉಪಾಯ ಹೂಡಿತು. ಊರಿಂದೂರಿಗೆ ಒಬ್ಬ ಮನುಷ್ಯನನ್ನು ಕಳಿಸುವುದು. ಅವನ ಅರ್ಧ ಮುಖದ ಚಿತ್ರ ಅಚ್ಚು ಹಾಕುವುದು. ಅವನಿಗೆ ಮಿಸ್ಟರ್ ಪೆನ್ನಿಫೆದರ್ ಎಂಬ ಹೆಸರು. ಅಂದಿನ ಪತ್ರಿಕೆ ಕೈಯಲ್ಲಿ ಹಿಡಿದು, ಅವನ ಮುಂದೆ ನಿಂತು, “ನೀವೇ ಮಿಸ್ಟರ್ ಪೆನ್ನಿಫೆದರ್, ಬಹುಮಾನ ನನಗೆ ಸಲ್ಲಬೇಕು” ಎಂದು ಒಂದಕ್ಷರ ತಪ್ಪದಂತೆ ಹೇಳಿದವರಿಗೆ ಬಹುಮಾನ. ಸಿಕ್ಕಿಬಿದ್ದರೆ ಮಾರನೆಯ ದಿನವೇ ಅವನು ಮುಂದಿನ ಊರಿಗೆ ರೈಲು ಹತ್ತಬೇಕು. ಸಿಗದಿದ್ದರೆ ವಾರ ಪೂರ್ತಿ ಅಲ್ಲೇ. ತಾನೇ ಬಾಯಿಬಿಟ್ಟು ನಾನು ಇಂಥವನು ಎನ್ನುವಂತಿಲ್ಲ.

ಹಲವು ಬೇಸಿಗೆ ಆ ಪೆನ್ನಿಫೆದರ್ ನಮ್ಮ ಸಿರಿಲ್. ಸ್ಕೆಗ್ನೆಸ್‌ನಲ್ಲಿ ಕಟುಕನ ಹೆಂಡತಿ ಹಿಡಿದಳು, ಕ್ಲೀಥಾರ್ಪ್ಸ್‌ನಲ್ಲಿ ಐಸ್‌ಕ್ರೀಮಿನ ಸಾಲಿನಲ್ಲೇ ಸಿಕ್ಕಿಬಿದ್ದ. ಮೇಬಲ್‌ಥಾರ್ಪಿನಲ್ಲಿ ಮಾತ್ರ ಒಮ್ಮೆಯೂ ಇಲ್ಲ. ಇಲ್ಲಿಯ ಜನ ಪಾದ್ರಿಯನ್ನು ಹಿಡಿದರು, ಬ್ಯಾಂಕಿನವನನ್ನು ಹಿಡಿದರು, ಕುರ್ಚಿಯಲ್ಲಿ ನಿದ್ದೆ ಹೋದವನನ್ನು ಎಬ್ಬಿಸಿ ಬೈಸಿಕೊಂಡರು. ಸಿರಿಲ್‌ನ ಮುಂದೆ ಯಾರೂ ನಿಲ್ಲಲಿಲ್ಲ. ಮೊದಮೊದಲು ಅವನಿಗೆ ಅದು ಹೆಮ್ಮೆಯ ವಿಷಯವಾಗಿತ್ತು. ಆಮೇಲೆ ಪತ್ರಿಕೆ ಮುಚ್ಚಿತು, ವಯಸ್ಸಾಯಿತು, ಒಂಟಿತನ ಮೈಗಂಟಿಕೊಂಡಿತು, ಆ ಹೆಮ್ಮೆಯೇ ಚುಚ್ಚತೊಡಗಿತು. ಎಲ್ಲ ಊರು ಬಿಟ್ಟು ಇಲ್ಲಿಗೇ ಬಂದು ಒಂದು ಕೋಣೆಯ ಮನೆ ಹಿಡಿದ.

೨. (ಮತ್ತೊಮ್ಮೆ. ಮೇಲಿನದು ಪಾಠ ಒಪ್ಪಿಸಿದ ಹಾಗಾಯಿತು.)

ಬೆಂಚಿನ ಎದುರಿಗೆ ಬೆರಿಲ್ ಟಕ್ಸ್‌ಫರ್ಡ್‌ಳ ಟೀ ಅಂಗಡಿ. ಮೊದಲು ಅವಳ ಅಪ್ಪನದಾಗಿತ್ತು.

“ಇವತ್ತೂ ಮೊಟ್ಟೇನಾ ಸಿರಿಲ್?”

“ಮೊಟ್ಟೇನೇ.”

“ಒಂದಿನ ಹ್ಯಾಮ್ ತಿಂದ್ ನೋಡಿ. ಪೊಲೀಸ್ನೋರೇನ್ ಹಿಡ್ಕೊಂಡ್ ಹೋಗಲ್ಲ.”

“ಹಿಡಿಯೋರಿದ್ರೆ ಯಾವತ್ತೋ ಹಿಡೀತಿದ್ರು ಬಿಡಿ.”

ಬೆರಿಲ್ ನಕ್ಕು ಕಪ್ಪು ತೊಳೆಯುತ್ತಾಳೆ. ವರ್ಷಗಟ್ಟಲೆ ಇದೇ ಮಾತು. ಸಿರಿಲ್ ಅವಳ ಹತ್ತಿರ ತನ್ನ ಮೊಣಕಾಲಿನ ವಿಷಯ ಹೇಳಿದ್ದಾನೆ, ಕುಂಡದಲ್ಲಿ ಬೆಳೆಸಿದ ಟೊಮ್ಯಾಟೊ ವಿಷಯ ಹೇಳಿದ್ದಾನೆ. ಪೆನ್ನಿಫೆದರ್ ವಿಷಯ ಮಾತ್ರ ಇಲ್ಲ. ನಿಯಮ ಮಾಡಿದವರು ಸತ್ತು ಮಣ್ಣಾಗಿದ್ದಾರೆ, ಇವನು ಇನ್ನೂ ಪಾಲಿಸುತ್ತಿದ್ದಾನೆ.

೩.

ನನ್ನದು ಮೆದು ಮನಸ್ಸು. ಬೆರಿಲ್‌ಳನ್ನು ಅಂಗಡಿಯಿಂದ ಹೊರಗೆ ಕರೆತಂದೆ, ಹಳೆಯ ಪತ್ರಿಕೆಯನ್ನು ಕೈಗಿಟ್ಟೆ, ಆ ಮಾತನ್ನು ಒಂದಕ್ಷರ ತಪ್ಪದೆ ಆಡಿಸಿದೆ. ಸಿರಿಲ್ ಟೋಪಿ ತೆಗೆದು ಕಣ್ಣೊರೆಸಿಕೊಳ್ಳಬೇಕಿತ್ತು. ಅವನು ನನ್ನ ಕಡೆ ತಿರುಗಿದ.

“ಇದು ನೀವ್ ಹೇಳ್ಸಿದ್ದು.”

“ಅವ್ಳೇ ಹೇಳಿದ್ಲಲ್ಲ, ಸಾಲ್ದಾ?”

“ಪೇಪರ್ ಅವತ್ತಿಂದಾಗಿರ್ಬೇಕು. ಅಲ್ದೆ ನಾನ್ಯಾರು ಅಂತ ನಿಮಗ್ ಮೊದ್ಲೇ ಗೊತ್ತು. ಬರಿಯೋರ್ ಹಿಡಿದ್ರೆ ಲೆಕ್ಕಕ್ಕಿಲ್ಲ ಸ್ವಾಮಿ.”

ಸರಿ, ಬರೆದದ್ದನ್ನು ಹೊಡೆದು ಹಾಕಿದೆ.

೫.

(ನಾಲ್ಕರಲ್ಲಿ ಅವನನ್ನು ಸಾಯಿಸಿದ್ದೆ. ಕಥೆಗಳಲ್ಲಿ ಒಂಟಿ ಮುದುಕರನ್ನು ಸಾಯಿಸುವಷ್ಟು ಸಲೀಸಾದ ಕೆಲಸ ಇನ್ನೊಂದಿಲ್ಲ. ನಾಚಿಕೆಯಾಗಿ ಹರಿದೆ.)

ಕೊನೆಗೆ ನಾನೇ ಬೆರಿಲ್‌ಳ ಅಂಗಡಿಗೆ ಹೋಗಿ ಕೇಳಿದೆ.

“ನಿಜವಾಗ್ಲೂ ಗೊತ್ತಿಲ್ವಾ, ಅವ್ರು ಯಾರು ಅಂತ?”

“ಗೊತ್ತಿಲ್ದೆ ಏನು. ಮೊದಲ್ನೇ ವರ್ಷಾನೇ ಗೊತ್ತಾಗಿತ್ತು. ಪೇಪರ್ ನನ್ ಕೈಯಲ್ಲೇ ಇತ್ತು.”

(ನಾನು ಹೂಡಿದ್ದಲ್ಲ ಇದು. ಆಣೆ ಮಾಡಿ ಹೇಳುತ್ತೇನೆ.)

“ಮತ್ಯಾಕ್ ಹೇಳ್ಲಿಲ್ಲ?”

“ಅವ್ರು ತಿಂತಾ ಇದ್ರು. ತಿಂತಾ ಇರೋರನ್ನ ಹೋಗಿ ತಡವೋದು ಚೆನ್ನಾಗಿರುತ್ತಾ?”

“ತಿಂದಾದ್ ಮೇಲೆ?”

“ತಿಂದಾದ್ ಮೇಲೆ ಇಲ್ಲಿಗ್ ಬಂದು ಟೀ ಕೇಳಿದ್ರು. ನಾನ್ ಬಾಯ್ ಬಿಟ್ರೆ ಮಾರನೇ ದಿನ ರೈಲು ಹತ್ತೋರು. ಬಿಡ್ದಿದ್ರೆ ವಾರ ಪೂರ್ತಿ ಟೀಗ್ ಬರ್ತಾರೆ.” ಒಣಗಿದ ಕಪ್ಪನ್ನೇ ಮತ್ತೆ ಒರೆಸಿದಳು. “ಮುಂದಿನ್ ವರ್ಷ ಹೇಳಣ ಅನ್ಕೊಂಡೆ. ವರ್ಷವರ್ಷಾನೂ ಅನ್ಕೊಂಡೆ.”

“ಈಗ್ ಹೇಳಿ. ಈ ಊರಿಗೀಗ ರೈಲೇ ಇಲ್ಲ.”

“ಈಗ್ ಹೇಳಿದ್ರೆ, ಇಷ್ಟ್ ದಿನ ಯಾಕ್ ಹೇಳ್ಲಿಲ್ಲ ಅಂತ ಕೇಳ್ತಾರೆ. ಏನನ್ಲಿ? ಮಾತು ನಿಮ್ ಕಸುಬು, ನೀವೇ ಹೇಳ್ಕೊಡಿ.”

ಟೀ ದುಡ್ಡಿಟ್ಟು ಹೊರಗೆ ಬಂದೆ.

೬.

ಬೇಕಾದ ಮುಕ್ತಾಯವನ್ನು ಆರಿಸಿಕೊಳ್ಳಿ. ಒಂದರಲ್ಲಿ ಅವಳು ಹೇಳುತ್ತಾಳೆ, ಇಬ್ಬರೂ ಜೊತೆಯಾಗುತ್ತಾರೆ. ಇನ್ನೊಂದರಲ್ಲೂ ಹೇಳುತ್ತಾಳೆ, ಆದರೆ ಒಂದು ಮಾತಿಗಾಗಿ ತನ್ನ ಇಷ್ಟು ವರ್ಷ ವ್ಯರ್ಥವಾಯಿತೆಂದು ಅವನು ಅವಳೊಡನೆ ಮಾತು ಬಿಡುತ್ತಾನೆ. ಎರಡನ್ನೂ ಬರೆದು ನೋಡಿದೆ. ಎರಡೂ ನಿಜವೆನಿಸಿದವು, ಎರಡಕ್ಕೂ ಹೆದರಿಕೆಯಾಯಿತು.

ಹಾಗೇ ಬೆಂಚಿನ ಹತ್ತಿರ ಬಂದೆ. ಸಿರಿಲ್ ಗಂಟಲು ಸರಿಮಾಡಿಕೊಂಡ.

“ಆಗಲೇ ಬೆರಿಲ್ ಹತ್ರ ಮಾತಾಡ್ತಿದ್ರಲ್ಲ. ನನ್ ವಿಷ್ಯ ಏನಾದ್ರೂ… ಅಂದ್ರೆ, ನಾನ್ಯಾರು ಅಂತ ಅವ್ರಿಗೇನಾದ್ರೂ…”

ಅವನ ಕಿವಿ ಕೆಂಪಾಯಿತು. ಹೂಂ ಎಂದರೆ ಸಾಕಿತ್ತು. ಹೇಳಬೇಕೆಂದು ಬಾಯಿ ತೆರೆದೆ ಕೂಡ. ಆದರೆ ಮನಸ್ಸಿನ ಮಾತನ್ನು ನುಂಗಿಕೊಳ್ಳುವ ಈ ಇಂಗ್ಲಿಷರ ದೇಶದಲ್ಲಿ ನಾನೂ ಇರಬಾರದಷ್ಟು ವರ್ಷ ಇದ್ದುಬಿಟ್ಟಿದ್ದೇನೆ.

“ಮಧ್ಯಾಹ್ನಕ್ಕೆ ಬಿಸಿಲು ಬರ್ಬಹುದು ಅನ್ಸುತ್ತೆ,” ಎಂದೆ.

“ಬಂದ್ರೂ ಬರ್ಬಹುದು,” ಎಂದ ಸಿರಿಲ್. ಆಮೇಲೆ ನನಗೆ ಜಾಗ ಮಾಡಿಕೊಡಲು ಬೆಂಚಿನ ಆ ತುದಿಗೆ ಜರುಗಿದ.

ಕಥೆ ಮುಗಿಸಬೇಕಾದರೆ ನಾನು ಇಲ್ಲಿಂದ ಏಳಬೇಕು. ಅವನನ್ನು ಒಬ್ಬನೇ ಬಿಟ್ಟು ಏಳಲು ಮನಸ್ಸಾಗದೆ ಇನ್ನೂ ಕೂತೇ ಇದ್ದೇನೆ.