ಗೇಟ್ ಪುಸ್ತಕದ ಒಂದು ಸಾಲು

ಹೋಂವರ್ಕ್ ತಡ ಮಾಡಿದ ಮಕ್ಕಳನ್ನು ಮೂವತ್ತನಾಲ್ಕು ವರ್ಷ ಬೆಂಚಿನ ಮೇಲೆ ನಿಲ್ಲಿಸಿದ ಮೇಷ್ಟ್ರು, ತಾವು ಮಾತ್ರ ಅಮ್ಮ ಹೇಳಿದ ಕೆಲಸವನ್ನು ಮೂರು ವರ್ಷ ಮುಂದೂಡಿದರು. ಅದೇನು ಬೆಟ್ಟ ಅಗೆಯುವ ಕೆಲಸವಲ್ಲ. ರೈಲ್ವೆಯ ಹಳೇ ಪುಸ್ತಕಗಳನ್ನು ದಾಖಲೆ ಕಚೇರಿಯಲ್ಲಿ ಈಗ ಯಾರು ಬೇಕಾದರೂ ನೋಡಬಹುದಂತೆ, ಪೇಪರಿನಲ್ಲಿ ಬಂದಿದೆ, ಒಮ್ಮೆ ಹೋಗಿ ಬಾ ಎಂದಿದ್ದರು.

"ನನ್ನ ಮದುವೆ ದಿನ ನಿಮ್ಮ ತಾತ ಎಲ್ಲಿದ್ರು ಅಂತ ನಂಗೆ ಗೊತ್ತಾಗ್ಬೇಕು ಕಣೋ."

ತಾತ ರೈಲ್ವೆ ಗೇಟ್ ಕಾಯುತ್ತಿದ್ದವರು. ಮಗಳು ತಾನೇ ಮೆಚ್ಚಿದವನನ್ನು ಕಟ್ಟಿಕೊಳ್ಳುತ್ತೇನೆಂದಾಗ ಮುಖ ಗಂಟಿಕ್ಕಿಕೊಂಡಿದ್ದರು. ಮದುವೆಗೂ ಬರಲಿಲ್ಲ. ಎರಡು ದಿನ ಬಿಟ್ಟು ಬಂದು, ಬದಲಿಯವನು ಬರಲಿಲ್ಲ, ಗೇಟ್ ಬಿಟ್ಟು ಬರುವಂತಿರಲಿಲ್ಲ ಎಂದರು. ನೆಪ ಹೇಳುತ್ತಿದ್ದಾರೆಂದುಕೊಂಡ ಅಮ್ಮ, ಬಾಗಿಲಲ್ಲಿ ನಿಂತವರನ್ನು ಒಳಗೆ ಬನ್ನಿ ಎನ್ನಲಿಲ್ಲ. ತಾತ ಸಾಯುವವರೆಗೂ ಇಬ್ಬರಿಗೂ ಮಾತಿರಲಿಲ್ಲ. ಎಂಬತ್ತು ದಾಟಿದ ಮೇಲೆ ಅಮ್ಮನಿಗೆ ಅನುಮಾನ ಕೊರೆಯತೊಡಗಿತು. ಅಪ್ಪ ಹೇಳಿದ್ದು ನಿಜವೇ ಆಗಿದ್ದರೆ?

ಮೇಷ್ಟ್ರು ಪ್ರತಿ ಸಲವೂ ಮುಂದಿನ ವಾರ ಎನ್ನುತ್ತಿದ್ದರು. ಮಂಡಿನೋವು, ಮೊಮ್ಮಗಳ ಪರೀಕ್ಷೆ, ಬಿಸಿಲು. ನೆಪಕ್ಕೇನು ಬರವೇ? ಅಷ್ಟು ಹಳೇ ಕಾಗದ ಗೆದ್ದಲು ತಿಂದಿರುತ್ತೆ ಬಿಡಮ್ಮ ಎಂದು ನಕ್ಕಿದ್ದೂ ಉಂಟು. ಈ ಬೇಸಿಗೆಯಲ್ಲಿ ಅಮ್ಮ ತೀರಿಕೊಂಡರು. ಆಮೇಲೆ ಮೇಷ್ಟ್ರ ಮಂಡಿ ಅದು ಹೇಗೋ ಸರಿಹೋಯಿತು.

ಒಂದು ಬಸ್ಸು, ಒಂದು ಅರ್ಜಿ. ಇಪ್ಪತ್ತೇ ನಿಮಿಷದಲ್ಲಿ ಕೌಂಟರಿನ ಹೆಂಗಸು ತಾತನ ಗೇಟಿನ ಆ ವರ್ಷದ ಪುಸ್ತಕ ತಂದು ಮೇಜಿನ ಮೇಲಿಟ್ಟರು. ಗೆದ್ದಲು ಒಂದು ಹಾಳೆಯನ್ನೂ ಮುಟ್ಟಿರಲಿಲ್ಲ.

ಗೇಟ್ ಮುಚ್ಚಿದ ಹೊತ್ತು, ಹಾದುಹೋದ ಗಾಡಿ, ಗೇಟ್ ತೆರೆದ ಹೊತ್ತು, ರುಜು. ಅದರಲ್ಲಿ ಬರೆಯಬೇಕಾದ್ದು ಅಷ್ಟೇ. ಬದಲಿಯವನು ಬಂದು ರುಜು ಹಾಕುವವರೆಗೆ ಇದ್ದವನು ಕದಲುವಂತಿಲ್ಲ. ಮದುವೆಯ ಹಿಂದಿನ ಸಂಜೆ ಆರಕ್ಕೆ ಬದಲಿಯವನ ಜಾಗ ಖಾಲಿ. ಬೆಳಗ್ಗೆ ಆರಕ್ಕೂ ಖಾಲಿ. ಪ್ರತಿ ಗಾಡಿಯ ಎದುರೂ ತಾತನದೇ ರುಜು. ಹತ್ತು ಐವತ್ತಕ್ಕೊಂದು ಗೂಡ್ಸ್ ಹೋಗಿತ್ತು. ಅದರ ಕೆಳಗೆ, ಗಾಡಿಯ ಹೆಸರು ಬರೆಯುವ ಕಡೆ, ತಾತನ ದುಂಡು ಅಕ್ಷರ: "೧೧.೦೦. ಮಗಳ ಮದುವೆ." ಮುಚ್ಚಿದ ಹೊತ್ತೂ ಇಲ್ಲ, ತೆರೆದ ಹೊತ್ತೂ ಇಲ್ಲ, ರುಜು ಮಾತ್ರ ಇತ್ತು. ಮೇಲಧಿಕಾರಿ ಕೆಂಪು ಶಾಯಿಯಲ್ಲಿ ಅದನ್ನು ಹೊಡೆದುಹಾಕಿ, ಸಂಬಂಧವಿಲ್ಲದ್ದನ್ನು ಬರೆಯಕೂಡದು ಎಂದು ಪಕ್ಕದಲ್ಲಿ ಬರೆದಿದ್ದರು.

ಮೇಷ್ಟ್ರು ಅದನ್ನು ಇನ್ನೊಮ್ಮೆ ಓದಿದರು. ಈ ಒಂದು ಸಾಲು ಓದಿ ಹೇಳಿದ್ದರೆ ಅಮ್ಮ ನೆಮ್ಮದಿಯಾಗಿ ಕಣ್ಣು ಮುಚ್ಚುತ್ತಿದ್ದರು. ಮೂರು ವರ್ಷ ಕೇಳಿಕೊಂಡವರಿಗೆ ಇಪ್ಪತ್ತು ನಿಮಿಷ ಕೊಡಲಿಲ್ಲವಲ್ಲ ಎಂದು ತಮ್ಮ ಮೇಲೆ ತಮಗೇ ಅಸಹ್ಯವಾಯಿತು. ಎದ್ದು ಹೋಗಿ ಆ ಪುಟದ ಜೆರಾಕ್ಸ್ ಬೇಕೆಂದರು.

ಕೌಂಟರಿನ ಹೆಂಗಸು ಗಡಿಯಾರ ನೋಡಿದರು. "ಮುಂದಿನ ವಾರ ಬಂದ್ರೆ ಆಗಲ್ವಾ ಸಾರ್?"

"ಇಲ್ಲಮ್ಮ. ಇವತ್ತೇ ಬೇಕು."

ಅಷ್ಟು ತುರ್ತಾಗಿ ಯಾರಿಗೆ ತೋರಿಸಬೇಕು ಎಂದು ಆಕೆ ಕೇಳಿದರು. ಮೇಷ್ಟ್ರ ಬಾಯಿಂದ "ನಮ್ಮಮ್ಮಂಗೆ" ಎಂದು ಬಂದುಬಿಟ್ಟಿತು.

ಆಕೆಯ ಮುಖ ಮೆತ್ತಗಾಯಿತು. ಪುಸ್ತಕ ಎತ್ತಿಕೊಂಡು ಯಂತ್ರದ ಕಡೆ ಹೊರಟರು.

"ಹಾಗಾದ್ರೆ ಕೂತ್ಕೊಳ್ಳಿ, ಈಗ್ಲೇ ತೆಗೆದುಕೊಡ್ತೀನಿ. ಪಾಪ, ವಯಸ್ಸಾದೋರನ್ನ ಕಾಯಿಸ್ಬಾರ್ದು."

ಮೇಷ್ಟ್ರು ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತರು.