ಉಧ್ನಾದ ಏಳು ನಿಮಿಷ

ಸಹಪಾಠಿ ಗಿರಿಧರನಿಗೆ ನಾನು ಬೈದದ್ದು ವಡೋದರಾದ ಫತೇಗಂಜಿನ ಚಹಾದಂಗಡಿಯ ಮುಂದೆ, ಹತ್ತು ಜನರೆದುರು. ಕನ್ನಡದಲ್ಲೇ, ಬಾಯಿಗೆ ಬಂದ ಹಾಗೆ. ಯಾರಿಗೂ ತಿಳಿಯುವುದಿಲ್ಲ ಎನ್ನುವ ಧೈರ್ಯ. ಹಾಳಾದ ಆ ಧೈರ್ಯವೇ ನಮ್ಮನ್ನು ಕೆಡಿಸಿದ್ದು.

ಬ್ಯಾಂಕು, ರೈಲ್ವೆ ಎಂದು ಅಪ್ಪಂದಿರಿಗೆ ವರ್ಗವಾಗಿ ವಡೋದರಾಕ್ಕೆ ಬಂದವರು ನಾವಿಬ್ಬರೂ. ಸೀರೆ ಅಂಗಡಿಯವನ ಎದುರಿಗೇ ಅಮ್ಮ ನಗುನಗುತ್ತಾ, "ಇದರ ಬಣ್ಣ ನಿಲ್ಲಲ್ಲ ಕಣೇ, ಇವನು ಬರೀ ಸುಳ್ಳ," ಎನ್ನುತ್ತಿದ್ದಳು. ಅವನೂ ನಗುತ್ತಿದ್ದ. ಆ ಊರಲ್ಲಿ ಕನ್ನಡವೆಂದರೆ ನಮಗೆ ಬಾಗಿಲು ಹಾಕಿಕೊಂಡ ಕೋಣೆ.

೧೯೯೬ರಲ್ಲಿ ಡಿಪ್ಲೊಮಾ ಕೋರ್ಸಿಗೆ ಏಳು ನಿಮಿಷದ ವಿಡಿಯೊ ಮಾಡಬೇಕಿತ್ತು. ನಾನೂ ಗಿರಿಧರನೂ ಸೂರತ್ತಿನ ಉಧ್ನಾದಲ್ಲಿ ಒಂದು ಮಗ್ಗದ ಕಾರ್ಖಾನೆಗೆ ಹೋದೆವು. ಮಾಲೀಕ ಒಪ್ಪಿದ. ಸೂಪರ್‌ವೈಸರ್ ಪಕ್ಕದಲ್ಲಿ ನಿಂತಿರುತ್ತಾನೆ ಎಂಬುದೊಂದೇ ಷರತ್ತು. ಅಲ್ಲಿ ಸಿಕ್ಕವನು ಪಾಂಡುರಂಗ, ವಿಜಾಪುರದ ಕಡೆಯವನು. ಕಾರ್ಖಾನೆಯ ಹಿಂದಿನ ಖೋಲಿಯಲ್ಲೇ ಸಂಸಾರ. ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ತಡ, ಮುಖ ಅರಳಿತು.

"ಮನಿ ಬಿಟ್ರ ಇಲ್ಲಿ ನಮ್ಮ ಮಾತ ಆಡವ್ರ ಯಾರೂ ಇಲ್ಲ ಯವ್ವಾ," ಎಂದ. ಆಮೇಲೆ ಸೂಪರ್‌ವೈಸರ್ ಕಡೆ ಕಣ್ಣು ಹಾಯಿಸಿದ. "ಇಂವಗ ತಿಳಿಯೂದಿಲ್ಲಲ್ಲ?"

"ಯಾರಿಗೂ ತಿಳಿಯಲ್ಲ, ಹೇಳಿ," ಎಂದೆ. ನಾನೇ ಹೇಳಿದೆ, ಈ ಬಾಯಿಂದಲೇ.

ಅವನು ಹೇಳಿದ. ಪಕ್ಕದ ಮಗ್ಗದವನ ನಾಲ್ಕು ಬೆರಳು ಯಂತ್ರಕ್ಕೆ ಸಿಕ್ಕಿ ಹೋಗಿದ್ದವು. ಮೆಟ್ಟಿಲಿಂದ ಬಿದ್ದ ಎಂದು ಮಾಲೀಕ ಆಸ್ಪತ್ರೆಯಲ್ಲಿ ಬರೆಸಿದ್ದ. ಸೂಪರ್‌ವೈಸರ್ ಕೈಕಟ್ಟಿಕೊಂಡು, ಎಲ್ಲ ಅರ್ಥವಾದವನಂತೆ ತಲೆಯಾಡಿಸುತ್ತಾ ನಿಂತಿದ್ದ. ನಮಗೆ ನಗು ತಡೆಯಲಾಗಲಿಲ್ಲ.

ಎಡಿಟಿಂಗ್ ಎಂದರೆ ಆಗ ಎರಡು ವಿಸಿಆರ್ ಜೋಡಿಸಿ, ಒಂದರಿಂದ ಇನ್ನೊಂದಕ್ಕೆ ತುಂಡು ತುಂಡಾಗಿ ಇಳಿಸುವುದು. ಪಾಂಡುರಂಗನ ಮಾತಿಗೆ ಪರದೆಯ ಕೆಳಗೆ ಇಂಗ್ಲಿಷ್ ಸಾಲು ಹಾಕದಿದ್ದರೆ ಮಾರ್ಕು ಕೊಡುವವರಿಗೆ ಏನು ತಿಳಿಯಬೇಕು? ಆ ಸಾಲುಗಳನ್ನು ಬರೆದವಳು ನಾನು. ಎಷ್ಟು ಚೆನ್ನಾಗಿ ಬರೆದಿದ್ದೇನೆ ಎಂದು ಹಿಗ್ಗಿದವಳೂ ನಾನೇ. ತರಗತಿಯಲ್ಲಿ ಚಪ್ಪಾಳೆ, ಮೊದಲ ದರ್ಜೆ.

ಗಿರಿಧರನೋ, ಮಹಾ ಮರ್ಯಾದಸ್ಥ. ಸಹಕರಿಸಿದ್ದಕ್ಕೆ ಧನ್ಯವಾದ ಎಂದು ಪತ್ರ ಬರೆದು, ಒಂದು ಕ್ಯಾಸೆಟ್ಟನ್ನು ಮಾಲೀಕನಿಗೆ ಅಂಚೆಯಲ್ಲಿ ಕಳಿಸಿಬಿಟ್ಟ. ತಿಂಗಳ ಮೇಲೆ, ಚಹಾ ಕುಡಿಯುತ್ತಾ, ಅದೊಂದು ದೊಡ್ಡ ಉಪಕಾರವೆಂಬಂತೆ ನನಗೆ ತಿಳಿಸಿದ.

"ತಲೆ ನೆಟ್ಟಗಿದೆಯೇನೋ ನಿಂಗೆ?" ಎಂದೆ.

"ಅವರಿಗೆ ಕನ್ನಡ ಬರಲ್ವಲ್ಲೇ," ಎಂದ.

"ಕೆಳಗೆ ಇಂಗ್ಲಿಷಲ್ಲಿ ಇದೆಯಲ್ಲೋ ಮುಠ್ಠಾಳ, ಆ ಮಾಲೀಕನ ಮನೇಲಿ ಓದೋರು ಯಾರೂ ಇರಲ್ವಾ?"

ಅವನು ನಿಜಕ್ಕೂ ಅದನ್ನು ಯೋಚಿಸಿರಲಿಲ್ಲ. ಕನ್ನಡದಲ್ಲಿ ಆಡಿದ್ದು ನಮ್ಮೊಳಗೇ ಉಳಿಯುತ್ತದೆ ಎಂದು ಹುಟ್ಟಿದಾಗಿನಿಂದ ನಂಬಿ ಬೆಳೆದವರಲ್ಲವೆ ನಾವು? ಅದಕ್ಕೇ ನನಗೆ ಇನ್ನೂ ಮೈ ಉರಿಯಿತು. ಅವನನ್ನು ಬೈದಷ್ಟೂ ನನ್ನ ಮೇಲಿನ ಸಿಟ್ಟು ಇಳಿಯಲಿಲ್ಲ.

ಮರುದಿನ ಒಬ್ಬಳೇ ಉಧ್ನಾಕ್ಕೆ ರೈಲು ಹತ್ತಿದೆ. ಪಾಂಡುರಂಗನ ಖೋಲಿಯಲ್ಲಿ ಬೇರೆ ಯಾರದೋ ಸಂಸಾರವಿತ್ತು. ಕ್ಯಾಸೆಟ್ ಬಂದ ವಾರದಲ್ಲೇ ಪಾಂಡುರಂಗನನ್ನು ತೆಗೆದರು, ಆ ಬೀದಿಯ ಯಾವ ಕಾರ್ಖಾನೆಯಲ್ಲೂ ಅವನಿಗೆ ಕೆಲಸ ಕೊಡುವುದಿಲ್ಲ, ಈಗ ಸ್ಟೇಷನ್ನಿನಲ್ಲಿ ಹಮಾಲಿ ಮಾಡುತ್ತಾನೆ ಎಂದು ಅಲ್ಲಿನ ಹೆಂಗಸು ಹೇಳಿದಳು.

ಸ್ಟೇಷನ್ನಿನಲ್ಲಿ ಸಿಕ್ಕ. ಬಟ್ಟೆಯ ಗಂಟುಗಳ ಪಕ್ಕ ಕೂತಿದ್ದ. ನನ್ನನ್ನು ನೋಡಿದ, ಗುರುತೂ ಹಿಡಿದ.

"ಪಾಂಡುರಂಗ ಅವರೇ, ತಪ್ಪಾಯ್ತು," ಎಂದೆ.

ಅವನು ಎದ್ದು ಹೆಗಲ ಬಟ್ಟೆ ಸರಿಮಾಡಿಕೊಂಡು, "ಬೋಲಿಯೇ ಮೇಡಂ, ಕ್ಯಾ ಉಠಾನಾ ಹೈ?" ಎಂದ.

ನಾನು ಮತ್ತೆ ಕನ್ನಡದಲ್ಲಿ ಹೇಳಿದೆ. ಅವನು ಮತ್ತೆ ಹಿಂದಿಯಲ್ಲೇ, ಯಾವ ಸಾಮಾನು ಹೊರಬೇಕು ಎಂದು ಕೇಳಿದ.